ಲೈಂಗಿಕ ಅಲ್ಪಸಂಖ್ಯಾತರ ಚಳವಳಿ ಮತ್ತು ಉಭಯಾನುರಾಗಿಗಳ ಪಾತ್ರ: ಒಂದು ವಿಮರ್ಶೆ

ಕರ್ನಾಟಕದಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ನಡೆದ ಚಳವಳಿಗೆ ಈಗ ಸುಮಾರು ಮೂರು ದಶಕಗಳ ಇತಿಹಾಸವಿದೆ. 1994ರಲ್ಲಿ ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯೂ’ ಎಂಬ ಗೋಷ್ಠಿ ಕೂಡತೊಡಗಿತು. 1999ರಲ್ಲಿ ‘ಸಂಗಮ’ ಸಂಸ್ಥೆಯು ಮೊದಲಿಗೆ ಒಂದು ದಾಖಲೆ ಕೇಂದ್ರವಾಗಿ ಹುಟ್ಟಿತು. 2001ರಲ್ಲಿಯೂ 2003ರಲ್ಲಿಯೂ ಪಿ.ಯು.ಸಿ.ಎಲ್. ಸಂಸ್ಥೆಯ ಕರ್ನಾಟಕ ಶಾಖೆ ಎರಡು ವರದಿಗಳನ್ನು ಹೊರತಂದಿತು. 2008ರ ಜೂನ್ 29ರಂದು ಬೆಂಗಳೂರಿನ ಬೀದಿಗಳಲ್ಲಿ ಸ್ವಾಭಿಮಾನದ ಮೆರವಣಿಗೆ ಹೊರಟಿತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ದಂಡಸಂಹಿತೆಯ 377ನೆಯ ಕಲಮನ್ನು, ವಯಸ್ಕರ ಸಮ್ಮತಿಯ ಸಂಬಂಧಗಳಿಗೆ ಅನ್ವಯಿಸುವ ಮಟ್ಟಿಗೆ, ಅಸಿಂಧುಗೊಳಿಸಿತು. ಈ ಚಳವಳಿಯ ಕರಪತ್ರಗಳಲ್ಲಿ, ಬೇಡಿಕೆಪತ್ರಗಳಲ್ಲಿ ಒಂದು ಪಟ್ಟಿ ತಪ್ಪದೆ ಬರುತ್ತದೆ: ಹಿಜ್ರಾ, ಕೋತಿ, ಜೋಗಪ್ಪ, ಸಲಿಂಗಿ ಸ್ತ್ರೀ, ಸಲಿಂಗಿ ಪುರುಷ, ಮತ್ತು ಇಬ್ಬರಲ್ಲಿಯೂ ಅನುರಾಗವುಳ್ಳವರು. ಈ ಕೊನೆಯ ಹೆಸರು ಪಟ್ಟಿಯಲ್ಲಿರುತ್ತದೆ. ಪಟ್ಟಿಯನ್ನು ದಾಟಿ ಮುಂದಿನ ಪುಟಗಳಿಗೆ ಹೋದರೆ ಅದು ಮತ್ತೆ ಕಣ್ಣಿಗೆ ಬೀಳುವುದು ಅಪರೂಪ. ಹೆಸರಿದ್ದೂ ಕೆಲಸವಿಲ್ಲದ ಈ ಸ್ಥಿತಿ ಹೇಗೆ ಉಂಟಾಯಿತು, ಅದರಿಂದ ಹೊರಬರುವ ದಾರಿ ಯಾವುದು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಾಮರ್ಶಿಸಲು ಉದ್ದೇಶಿಸಿದೆ.

ಈ ವಿಷಯವನ್ನು ಕೈಗೆತ್ತಿಕೊಳ್ಳಲು ನಿಮಿತ್ತವಾದದ್ದು ಒಂದು ಪ್ರಶ್ನೆ. ಈ ಲೇಖಕನ ಊರು ಶೇಡಬಾಳ. ಅದೇ ಊರಿನವನೂ ಹಿಂದೆ ನನ್ನ ಇತಿಹಾಸ ತರಗತಿಯಲ್ಲಿ ಕುಳಿತವನೂ ಆದ ತರುಣನೊಬ್ಬ ಎರಡು ವರ್ಷಗಳ ಕೆಳಗೆ ಮಿರಜಿಗೆ ಹೋಗುವ ಗಾಡಿಗಾಗಿ ಕಾಯುತ್ತಿರುವಾಗ ನಿಲ್ದಾಣದಲ್ಲಿ ಭೇಟಿಯಾದ. ತನಗೆ ಗಂಡಿನ ಮೇಲೆಯೂ ಹೆಣ್ಣಿನ ಮೇಲೆಯೂ ಒಲವು ಹುಟ್ಟುತ್ತದೆಂಬುದನ್ನು ಬಹಳ ಹಿಂಜರಿದು ಹೇಳಿದ. ದೂರದ ನಗರದಲ್ಲಿ ಕೆಲಸಕ್ಕಿದ್ದಾಗ ಒಂದು ಸಭೆಗೆ ಹೋಗಿದ್ದನಂತೆ. ಅಲ್ಲಿ ಯಾರೋ “ನೀವು ನಾಳೆ ಮದುವೆಯಾಗಿ ಹೊರಟುಹೋಗುವವರು” ಎಂದರಂತೆ. ಊರಿಗೆ ಬಂದರೆ ಮನೆಯವರು ಕನ್ಯೆ ನೋಡುತ್ತಿದ್ದಾರೆ. “ಅಲ್ಲಿ ನಾ ಏನ್ ಮಾಡ್ಲಿರಿ ಸರ? ನಂದ ಕೆಲಸ ಯಾವುದು?” ಎಂದು ಕೇಳಿದ. ಗಾಡಿ ಬಂದಿತು, ನಾನು ಉತ್ತರ ಕೊಡಲಿಲ್ಲ. ಕೊಡಲು ನನ್ನಲ್ಲಿ ಉತ್ತರವಿರಲಿಲ್ಲವೆಂಬುದೇ ನಿಜ.

ಮೊದಲು ಪದದ ವಿಚಾರ. ಪದ ಸರಿಯಿಲ್ಲದೆಡೆ ವಿಚಾರ ಸರಿಯಾಗುವುದು ಕಷ್ಟ. ಇಂಗ್ಲಿಷಿನ ‘ಬೈಸೆಕ್ಷುಯಲ್’ ಶಬ್ದಕ್ಕೆ ನಮ್ಮ ಪತ್ರಿಕೆಗಳು ‘ದ್ವಿಲಿಂಗಿ’ ಎಂದು ಬರೆಯುವುದುಂಟು. ಆದರೆ ಶಾಲೆಯ ಸಸ್ಯಶಾಸ್ತ್ರದಲ್ಲಿ ದ್ವಿಲಿಂಗಿ ಎಂದರೆ ಕೇಸರವೂ ಶಲಾಕೆಯೂ ಒಂದರಲ್ಲಿಯೇ ಇರುವ ಹೂ. ದಾಸವಾಳ ದ್ವಿಲಿಂಗಿ ಪುಷ್ಪ. ಈ ಗೊಂದಲಕ್ಕೆ ಕನ್ನಡಿಗರನ್ನಷ್ಟೇ ದೂಷಿಸಲಾಗದು. ಇಂಗ್ಲಿಷಿನಲ್ಲಿಯೂ ಆ ಶಬ್ದ ಮೊದಲು ದೇಹರಚನೆಗೆ ಸಂಬಂಧಿಸಿದ್ದಾಗಿತ್ತು. 1892ರಲ್ಲಿ ಕ್ರಾಫ್ಟ್-ಎಬಿಂಗನ ಗ್ರಂಥವನ್ನು ಚಾಡಕ್ ಎಂಬ ವೈದ್ಯನು ಜರ್ಮನಿನಿಂದ ಭಾಷಾಂತರಿಸಿದಾಗ ಅದು ಒಲವಿನ ಅರ್ಥದಲ್ಲಿ ಬಳಕೆಗೆ ಬಂದಿತೆನ್ನುತ್ತಾರೆ. ಅಂದಮೇಲೆ ದೇಹಕ್ಕೂ ಒಲವಿಗೂ ಒಂದೇ ಮಾತನ್ನು ಹಚ್ಚಿದ ದೋಷ ಅಲ್ಲಿಂದಲೇ ಬಂದದ್ದು. ‘ದ್ವಿಲಿಂಗಕಾಮಿ’, ‘ಉಭಯಲಿಂಗಕಾಮಿ’ ಎಂಬ ರೂಪಗಳಲ್ಲಿ ದೇಹದ ಗೊಂದಲ ತಪ್ಪಿದರೂ ‘ಕಾಮಿ’ ಎಂಬ ಉತ್ತರಪದ ಉಳಿಯುತ್ತದೆ. ಹೆಂಡತಿಯನ್ನು ಪ್ರೀತಿಸುವ ಗೃಹಸ್ಥನನ್ನು ನಾವು ಯಾರೂ ‘ಸ್ತ್ರೀಕಾಮಿ’ ಎಂದು ಕರೆಯುವುದಿಲ್ಲ. ಆದುದರಿಂದ ಈ ಲೇಖನದ ಮಟ್ಟಿಗೆ ‘ಉಭಯಾನುರಾಗಿ’ ಎಂಬ ಮಾತನ್ನು ಬಳಸಿದೆ. ಇದು ಸಂಪೂರ್ಣ ಹೊಸ ಸೃಷ್ಟಿಯಲ್ಲವೆಂಬುದನ್ನು ಮುಂದೆ ನೋಡಬಹುದು.

ಶೇಡಬಾಳ ದಿಗಂಬರ ಜೈನರ ಊರು. ಆಚಾರ್ಯ ವಿದ್ಯಾನಂದ ಮುನಿಗಳು ಹುಟ್ಟಿದ್ದು ಅಲ್ಲಿಯೇ, 1925ರಲ್ಲಿ. ಆ ಪರಂಪರೆಯಲ್ಲಿ ಓದಿದವರಿಗೆ ಒಂದು ವಿಷಯ ತಿಳಿದೇ ಇರುತ್ತದೆ. ಜೈನ ಕರ್ಮಸಿದ್ಧಾಂತವು ಚಾರಿತ್ರಮೋಹನೀಯದ ಒಂಬತ್ತು ನೋಕಷಾಯಗಳಲ್ಲಿ ಮೂರು ‘ವೇದ’ಗಳನ್ನು ಎಣಿಸುತ್ತದೆ. ಇಲ್ಲಿ ವೇದವೆಂದರೆ ಶ್ರುತಿಯಲ್ಲ, ಕಾಮಾಭಿಲಾಷೆ. ಪುರುಷನನ್ನು ಬಯಸುವುದು ಸ್ತ್ರೀವೇದ; ಸ್ತ್ರೀಯನ್ನು ಬಯಸುವುದು ಪುಂವೇದ; ಮೂರನೆಯದು ನಪುಂಸಕವೇದ. ಈ ಮೂರನೆಯದನ್ನು ವ್ಯಾಖ್ಯಾನಕಾರರು ‘ಉಭಯಾಭಿಲಾಷ’ವೆಂದು ವಿವರಿಸಿದ್ದಾರೆ. ಇದಕ್ಕಿಂತ ಗಮನಾರ್ಹವಾದದ್ದು, ದ್ರವ್ಯ ಮತ್ತು ಭಾವ ಎಂಬ ವಿಭಾಗ. ದೇಹದ ಲಿಂಗ ಬೇರೆ, ಮನಸ್ಸಿನ ವೇದ ಬೇರೆ. ಒಂದು ಇನ್ನೊಂದನ್ನು ಅನುಸರಿಸಲೇಬೇಕೆಂಬ ನಿಯಮವಿಲ್ಲ. ಚಾವುಂಡರಾಯನಿಗಾಗಿ ಹತ್ತನೆಯ ಶತಮಾನದ ಕೊನೆಯಲ್ಲಿ ನೇಮಿಚಂದ್ರ ರಚಿಸಿದ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಇದಕ್ಕೊಂದು ಪ್ರತ್ಯೇಕ ಪ್ರಕರಣವೇ ಇದೆ. 1359ರಲ್ಲಿ ಕೇಶವವರ್ಣಿ ಆ ಗ್ರಂಥಕ್ಕೆ ‘ಜೀವತತ್ತ್ವಪ್ರದೀಪಿಕೆ’ ಎಂಬ ಕನ್ನಡ ವೃತ್ತಿಯನ್ನು ಬರೆದ. ಅದೇ ಹೆಸರಿನ ಸಂಸ್ಕೃತ ವ್ಯಾಖ್ಯಾನವು ಈ ಕನ್ನಡ ವೃತ್ತಿಯನ್ನು ಆಧರಿಸಿದ್ದೆಂದು ತೋರಿಸಿಕೊಟ್ಟವರು ನಮ್ಮ ಚಿಕ್ಕೋಡಿ ಸೀಮೆಯ ಸದಲಗಾದ ವಿದ್ವಾಂಸರಾದ ಆ. ನೇ. ಉಪಾಧ್ಯೆಯವರು. ಹಾಗಾದರೆ, ಯುರೋಪಿನ ವೈದ್ಯರು ದೇಹವನ್ನೂ ಒಲವನ್ನೂ ಒಂದೇ ಶಬ್ದದಲ್ಲಿ ಕಲಸುವುದಕ್ಕೆ ಐದು ಶತಮಾನಗಳ ಮೊದಲೇ ಅವೆರಡನ್ನೂ ಬೇರ್ಪಡಿಸಿ ವಿವರಿಸುವ ಒಂದು ಗದ್ಯ ಕನ್ನಡದಲ್ಲಿತ್ತು.

ಇಷ್ಟು ಹೇಳಿದೊಡನೆ ಉತ್ಸಾಹಿಗಳು ‘ನೋಡಿ, ನಮ್ಮ ಪ್ರಾಚೀನರು ಉಭಯಾನುರಾಗವನ್ನು ಮಾನ್ಯಮಾಡಿದ್ದರು’ ಎಂದು ಫಲಕ ಬರೆದುಬಿಡುವ ಅಪಾಯವಿದೆ. ಅರ್ಧನಾರೀಶ್ವರನನ್ನು, ಖಜುರಾಹೊದ ಶಿಲ್ಪಗಳನ್ನು, ಸವದತ್ತಿಯ ಜೋಗಪ್ಪಂದಿರನ್ನು ಹೀಗೆಯೇ ಎಳೆದು ತರುತ್ತಾರೆ. ಅರ್ಧನಾರೀಶ್ವರನಲ್ಲಿರುವುದು ಎರಡು ದೇಹಗಳ ಐಕ್ಯ, ಇಬ್ಬರ ಮೇಲಿನ ಒಲವಲ್ಲ. ಜೋಗಪ್ಪಂದಿರದು ಎಲ್ಲಮ್ಮನಿಗೆ ಸಂಬಂಧಿಸಿದ ಧಾರ್ಮಿಕ ಜೀವನಕ್ರಮ. ಇವನ್ನು ತಮಗೆ ಬೇಕಾದ ವಂಶವೃಕ್ಷಕ್ಕೆ ಕಟ್ಟುವುದು ಇತಿಹಾಸವಲ್ಲ. ಗೊಮ್ಮಟಸಾರದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಅಲ್ಲಿ ಮೂರೂ ವೇದಗಳು ಕ್ಷಯಮಾಡಬೇಕಾದ ಕರ್ಮಗಳು. ಯಾವುದಕ್ಕೂ ಅಲ್ಲಿ ಮೆಚ್ಚಿಕೆಯಿಲ್ಲ. ಮೇಲಾಗಿ ಅಲ್ಲಿ ಕೊಟ್ಟಿರುವ ಉಪಮಾನಗಳನ್ನು ನೋಡಬೇಕು. ಪುಂವೇದ ಹುಲ್ಲಿನ ಬೆಂಕಿಯಂತೆ, ಬೇಗ ಹತ್ತಿ ಬೇಗ ಆರುವುದು. ಸ್ತ್ರೀವೇದ ಕುಳ್ಳಿನ ಬೆಂಕಿಯಂತೆ. ನಪುಂಸಕವೇದವೋ ಇಟ್ಟಿಗೆಯ ಭಟ್ಟಿಯಂತೆ. ಇಬ್ಬರನ್ನೂ ಬಯಸುವವನ ಬಯಕೆ ಎಲ್ಲರದಕ್ಕಿಂತ ತೀವ್ರ, ಅದಕ್ಕೆ ಶಮನವಿಲ್ಲ ಎಂದರ್ಥ. ಇಂದು ಉಭಯಾನುರಾಗಿಯ ಮೇಲೆ ಹೊರಿಸುವ ಅಪವಾದಗಳಲ್ಲಿ ಮೊದಲನೆಯದು ಇದೇ ಅಲ್ಲವೆ? ‘ಒಬ್ಬರಿಂದ ಇವರಿಗೆ ತೃಪ್ತಿಯಿಲ್ಲ’ ಎಂಬ ಮಾತು ಸಾವಿರ ವರ್ಷ ಹಳೆಯದು. ಪರಂಪರೆಯಿಂದ ನಮಗೆ ಬಂದಿರುವುದು ಒಂದು ಸೂಕ್ಷ್ಮ ವಿಭಾಗ, ಅದರೊಡನೆ ಒಂದು ಅಪವಾದ. ಎರಡನ್ನೂ ಪಡೆದುಕೊಂಡೆವೆಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ.

ಈಗ ಚಳವಳಿಯ ದಾಖಲೆಗಳಿಗೆ ಬರೋಣ. ಮೇಲೆ ಹೇಳಿದ ಎರಡು ವರದಿಗಳ ಶೀರ್ಷಿಕೆಗಳನ್ನು ಎದುರುಬದುರು ಇಟ್ಟರೆ ಒಂದು ಸಂಗತಿ ಹೊಳೆಯುತ್ತದೆ. 2001ರ ವರದಿ ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ವಿಶಾಲವಾದ ಮಾತನ್ನು ಎತ್ತಿಕೊಂಡಿತು. 2003ರದು ಬೆಂಗಳೂರಿನ ಕೋತಿ ಮತ್ತು ಹಿಜ್ರಾ ಲೈಂಗಿಕ ಕಾರ್ಯಕರ್ತರ ಮೇಲಿನ ದೌರ್ಜನ್ಯಕ್ಕೆ ಸೀಮಿತವಾಯಿತು. ಹೀಗೆ ಸಂಕೋಚಗೊಂಡದ್ದು ತಪ್ಪಲ್ಲ. ಪೋಲೀಸರ ಲಾಠಿ ಬೀಳುತ್ತಿದ್ದುದು ಉದ್ಯಾನಗಳಲ್ಲಿ, ರಸ್ತೆಯಲ್ಲಿ ನಿಂತಿದ್ದವರ ಮೇಲೆ. ವರದಿಗಾರರು ನೋವಿದ್ದೆಡೆಗೆ ಹೋದರು. 2011ರಲ್ಲಿ ಕರ್ನಾಟಕ ಪೋಲೀಸ್ ಕಾಯಿದೆಗೆ ಸೇರಿಸಿದ 36ಎ ಕಲಮು ಹಿಜ್ರಾಗಳನ್ನೇ ಗುರಿಯಾಗಿಸಿದ್ದರಿಂದ ಚಳವಳಿ ಅದರ ವಿರುದ್ಧ ನಿಂತದ್ದೂ ಸಹಜವೇ; ಮುಂದೆ ಆ ಸಮುದಾಯವನ್ನು ಹೆಸರಿಸುತ್ತಿದ್ದ ಶಬ್ದವನ್ನು ಕಲಮಿನಿಂದ ತೆಗೆಯಲಾಯಿತು. ಆದರೆ ಇತಿಹಾಸದ ವಿದ್ಯಾರ್ಥಿಯು ಇಲ್ಲಿ ತನ್ನ ಶಾಸ್ತ್ರದ ಒಂದು ಸಾಮಾನ್ಯ ನಿಯಮವನ್ನು ನೆನೆಯಬೇಕು. ಕಂದಾಯದ ಕಡತದಿಂದ ಗ್ರಾಮಚರಿತ್ರೆ ಬರೆದರೆ ಭೂಮಿಯಿದ್ದವರು ಮಾತ್ರ ಕಾಣುತ್ತಾರೆ. ಪೋಲೀಸ್ ಠಾಣೆಯ ಸುತ್ತ ಬೆಳೆದ ದಾಖಲೆಯಿಂದ ಚಳವಳಿಯ ಚರಿತ್ರೆ ಬರೆದರೆ ಠಾಣೆಗೆ ಹೋದವರು ಮಾತ್ರ ಕಾಣುತ್ತಾರೆ. ಉಭಯಾನುರಾಗಿಯೊಬ್ಬ ಉದ್ಯಾನದಲ್ಲಿ ಸಿಕ್ಕಿಬಿದ್ದರೆ ದಾಖಲೆಯಲ್ಲಿ ಅವನು ‘ಸಲಿಂಗಕಾಮಿ’, ಸಿಕ್ಕಿಬೀಳದಿದ್ದರೆ ‘ಸಂಸಾರಸ್ಥ’. ಎರಡರಲ್ಲಿಯೂ ಅವನಿಲ್ಲ. ಅವನ ಪೆಟ್ಟು, ಅವಳ ಪೆಟ್ಟಂತೂ ಇನ್ನೂ ಹೆಚ್ಚಾಗಿ, ಮನೆಯೊಳಗೆ ಬೀಳುತ್ತದೆ. ಮನೆಯೊಳಗಿನದಕ್ಕೆ ಪಂಚನಾಮೆಯಿಲ್ಲ.

ಎಣಿಕೆಯ ವಿಚಾರವೂ ಹೀಗೆಯೇ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಅಲ್ಲದೆ ‘ಇತರೆ’ ಎಂಬ ಕಲಮಿನಲ್ಲಿ ದೇಶದಾದ್ಯಂತ 4,87,803 ಜನ ದಾಖಲಾದರು. ಅದು ಲಿಂಗದ ಎಣಿಕೆ, ಒಲವಿನ ಎಣಿಕೆಯಲ್ಲ. 1948ರಲ್ಲಿಯೇ ಅಮೆರಿಕದ ಕಿನ್ಸಿ ಎಂಬ ಪ್ರಾಣಿಶಾಸ್ತ್ರಜ್ಞ ಮನುಷ್ಯರನ್ನು ಎರಡು ಕೊಟ್ಟಿಗೆಗಳಲ್ಲಿ ಕಟ್ಟಲಾಗದೆಂದು ಕಂಡು, ಸೊನ್ನೆಯಿಂದ ಆರರವರೆಗಿನ ಮಾಪಕವನ್ನು ಮುಂದಿಟ್ಟ. ನಮ್ಮಲ್ಲಿ ಅಂಥ ಎಣಿಕೆಯಿಲ್ಲ. 2013ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು 377ನೆಯ ಕಲಮನ್ನು ಎತ್ತಿಹಿಡಿದಾಗ ಕೊಟ್ಟ ಕಾರಣಗಳಲ್ಲಿ ಈ ಜನ ಅತ್ಯಲ್ಪಸಂಖ್ಯೆಯವರೆಂಬುದೂ ಒಂದಾಗಿತ್ತು. ಹಕ್ಕಿಗೆ ತಲೆ ಎಣಿಸಬೇಕೆಂಬುದೇ ದುರ್ಬಲ ವಾದ. ಎಣಿಸದವರನ್ನು ಇಲ್ಲವೆಂದದ್ದು ಇನ್ನೂ ದುರ್ಬಲ.

ಗಡಿನಾಡಿನವರಿಗೆ ಈ ಅನುಭವ ಹೊಸದಲ್ಲ. ಶೇಡಬಾಳದ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ಕನ್ನಡ, ಮಿರಜಿನ ಪೇಟೆಯಲ್ಲಿ ಮರಾಠಿ; ಎರಡರಲ್ಲಿಯೂ ಜಗಳ, ಎರಡರಲ್ಲಿಯೂ ಜೋಗುಳ. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1966ರಲ್ಲಿ ಮಹಾಜನ ಆಯೋಗ ನೇಮಕವಾಗಿ, ಮರುವರ್ಷ ನಿಪ್ಪಾಣಿ ಅತ್ತ, ಅಕ್ಕಲಕೋಟೆ ಜತ್ತ ಇತ್ತ ಎಂದು ಶಿಫಾರಸು ಮಾಡಿತು. ಈ ವಿವಾದವಿಡೀ ನಮ್ಮ ಹಿರಿಯರನ್ನು ಕೇಳಿದ ಪ್ರಶ್ನೆ ಒಂದೇ: ‘ನೀವು ಯಾವ ಕಡೆಯವರು?’ ಗಣತಿಯವನ ಹಾಳೆಯಲ್ಲಿ ಮಾತೃಭಾಷೆಗೆ ಒಂದೇ ಮನೆ. ಎರಡನ್ನೂ ಹೇಳಿದವನಿಗೆ ಎರಡು ಕಡೆಯವರಿಂದಲೂ ಸಂಶಯದ ನೋಟ. ಎರಡು ದೋಣಿಯಲ್ಲಿ ಕಾಲಿಟ್ಟವನೆಂಬ ಮಾತು. ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಭಾಷೆಗೆ ನಿಷ್ಠೆಯ ಪ್ರಮಾಣ ಮಾಡಿ ಯಾರೂ ಸಪ್ತಪದಿ ತುಳಿಯುವುದಿಲ್ಲ. ಎರಡು ಭಾಷೆಯವನಿಂದ ಮೂರನೆಯವರ ಬಾಳು ಕೆಡುವುದಿಲ್ಲ. ಆದರೆ ‘ಒಂದು ಕಡೆ ನಿಲ್ಲು, ಆಮೇಲೆ ಮಾತಾಡು’ ಎನ್ನುವ ಒತ್ತಾಯ ಎರಡರಲ್ಲಿಯೂ ಒಂದೇ. ಒಂದು ಕಡೆ ನಿಂತ ಕ್ಷಣ ಅವನು ಹೇಳಬೇಕಾಗಿದ್ದ ಮಾತು ಸುಳ್ಳಾಗಿಹೋಗುತ್ತದೆ.

ಕನ್ನಡ ಸಾಹಿತ್ಯ ಈ ವಿಷಯದಲ್ಲಿ ನಮಗೆ ಏನು ಕೊಟ್ಟಿದೆ? ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂಬ ಹೆಸರಿನಿಂದ ಬಂದಿತು. ಮಂಜಮ್ಮ ಜೋಗತಿಯವರ ಬಾಳಕಥೆ ‘ನಡುವೆ ಸುಳಿವ ಹೆಣ್ಣು’ ಎಂದು ಪ್ರಕಟವಾಯಿತು. ಇವು ಬೀದಿಯನ್ನು ದಾಟಿ ಬಂದವರ ದೊಡ್ಡ ಸಾಕ್ಷ್ಯಗಳು. ಸಲಿಂಗ ಪ್ರೇಮವನ್ನು ಮಧ್ಯಮವರ್ಗದ ಮನೆಯೊಳಗೆ ತಂದ ಕೃತಿ ವಸುಧೇಂದ್ರರ ‘ಮೋಹನಸ್ವಾಮಿ’, 2013ರದು. ಅಲ್ಲಿ ಮೋಹನಸ್ವಾಮಿಯ ಸಂಗಾತಿಯಾಗಿದ್ದ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗುತ್ತಾನೆ. ಕಥೆಯ ಕಣ್ಣು ಮೋಹನಸ್ವಾಮಿಯದು. ಆದುದರಿಂದ ಓದುಗನ ಮರುಕವೂ ಅವನ ಕಡೆಗೇ ಹರಿಯುತ್ತದೆ. ಇದು ಲೇಖಕರ ದೋಷವಲ್ಲ, ಆ ಕೃತಿಯ ಸತ್ಯವೇ ಅದು. ಆದರೆ ನನ್ನ ಆಕ್ಷೇಪಣೆ ವಿಮರ್ಶಕರ ಮೇಲೆ. ಕಾರ್ತಿಕನನ್ನು ಬಿಟ್ಟುಹೋದವನೆಂದು ಮಾತ್ರ ನೋಡಿ ಸುಮ್ಮನಾದೆವು. ಅವನು ಹೇಡಿಯೊ, ಸ್ವಾರ್ಥಿಯೊ, ಅಥವಾ ಎರಡು ಕಡೆಯೂ ನಿಜವಾಗಿಯೇ ಒಲಿದವನೊ? ಕಥೆ ಆ ಬಾಗಿಲನ್ನು ತೆರೆಯುವುದಿಲ್ಲ; ಅಲ್ಲೊಂದು ಬಾಗಿಲಿದೆಯೆಂದು ನಾವೂ ಹೇಳಲಿಲ್ಲ. ಇನ್ನೂ ಒಬ್ಬಳಿದ್ದಾಳೆ, ಕಾರ್ತಿಕನನ್ನು ಮದುವೆಯಾದವಳು. ಅವಳ ಕಡೆಯಿಂದ ಈ ಕಥೆಯನ್ನು ಕನ್ನಡದಲ್ಲಿ ಬರೆಯಬೇಕಾಗಿದೆ. ಈ ಮೂವರನ್ನೂ ಒಂದೇ ಮನೆಯ ಬೆಳಕಿನಲ್ಲಿ ನೋಡದೆ ಉಭಯಾನುರಾಗಿಯ ಸಾರ್ವಜನಿಕ ಪಾತ್ರವನ್ನು ನಿರ್ಣಯಿಸಲಾಗದೆಂಬುದು ನನ್ನ ಅಭಿಪ್ರಾಯ.

ಕಾನೂನು ಈ ಮನೆಯನ್ನು ಹೇಗೆ ನೋಡುತ್ತದೆಂಬುದು ಇಲ್ಲಿ ಮುಖ್ಯವಾಗುತ್ತದೆ. 1860ರ ದಂಡಸಂಹಿತೆ ಕೃತ್ಯವನ್ನು ಶಿಕ್ಷಿಸುತ್ತಿತ್ತೇ ಹೊರತು ವ್ಯಕ್ತಿಗೆ ಹೆಸರಿಟ್ಟಿರಲಿಲ್ಲ. 2018ರ ತೀರ್ಪು ಒಲವನ್ನು ವ್ಯಕ್ತಿತ್ವದ ಅಂಗವೆಂದು ವಿಸ್ತಾರವಾಗಿ ವಿವೇಚಿಸಿ, ಉಭಯಾನುರಾಗಿಗಳನ್ನೂ ಹೆಸರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ದೊರೆಯಲಿಲ್ಲ. ಇದರ ಫಲವಾಗಿ ಉಭಯಾನುರಾಗಿಯೊಬ್ಬಳ ಸ್ಥಿತಿ ವಿಚಿತ್ರವಾಗಿದೆ. ಅವಳು ಪುರುಷನೊಬ್ಬನನ್ನು ವರಿಸಿದರೆ ರಾಜ್ಯ ಅವಳ ಪ್ರೀತಿಗೆ ಮುದ್ರೆಯೊತ್ತುತ್ತದೆ, ಪಿಂಚಣಿ ವಾರಸಾ ಎಲ್ಲವೂ ಬರುತ್ತವೆ. ಅದೇ ಅವಳು ಸ್ತ್ರೀಯೊಬ್ಬಳೊಡನೆ ಬಾಳಿದರೆ ಆ ಬಾಳಿಗೆ ವಿವಾಹದ ಮಾನ್ಯತೆ ದೊರೆಯದು. ಒಬ್ಬಳೇ ವ್ಯಕ್ತಿ, ಒಂದೇ ಮನಸ್ಸು. ಅರ್ಧಕ್ಕೆ ಕಾನೂನು, ಅರ್ಧಕ್ಕೆ ಮೌನ. ‘ನಿಮಗೇನು, ತಪ್ಪಿಸಿಕೊಳ್ಳಲು ದಾರಿಯಿದೆ’ ಎಂಬ ಆಕ್ಷೇಪ ಹುಟ್ಟುವುದು ಇಲ್ಲಿಂದಲೇ. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಗಂಡಹೆಂಡಿರಾಗಿ ಕಾಣಿಸುವವರನ್ನು ಬೀದಿ ಕೆಣಕುವುದಿಲ್ಲ. ಉಳಿದರ್ಧ ಅಸತ್ಯ, ತನ್ನ ಅರ್ಧವನ್ನು ಮುಚ್ಚಿಟ್ಟು ಪಡೆದ ಸುರಕ್ಷತೆಯನ್ನು ಸೌಕರ್ಯವೆನ್ನುವುದು ಕಷ್ಟ.

ಈ ಹಿನ್ನೆಲೆಯಲ್ಲಿ ‘ನಂದ ಕೆಲಸ ಯಾವುದು’ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳಬಹುದು. ಹೊರಗಿನ ಇತಿಹಾಸದಿಂದ ಒಂದು ನಿದರ್ಶನ. 1969ರ ಜೂನಿನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಎಂಬಲ್ಲಿ ಪೋಲೀಸರ ವಿರುದ್ಧ ನಡೆದ ದಂಗೆಯ ಮೊದಲ ವಾರ್ಷಿಕದಂದು, 1970ರಲ್ಲಿ, ಹೊರಟ ಮೆರವಣಿಗೆಯನ್ನು ಸಂಘಟಿಸಿದವರಲ್ಲಿ ಬ್ರೆಂಡಾ ಹೊವರ್ಡ್ ಪ್ರಮುಖಳು, ಅವಳು ಉಭಯಾನುರಾಗಿ. ಇಂದು ಜಗತ್ತಿನಾದ್ಯಂತ ನಡೆಯುವ ಮೆರವಣಿಗೆಗಳ ಮೂಲ ಅಲ್ಲಿದೆ. ಅವಳ ಪಾಲಿಗೆ ಬಂದದ್ದು ಸಭೆ ಕರೆಯುವ, ಜನರನ್ನು ಕೂಡಿಸುವ ಕೆಲಸ. ನಮ್ಮ ದೇಶದಲ್ಲಿ, ತಾನು ಉಭಯಾನುರಾಗಿಯೆಂಬುದನ್ನು ಮರೆಮಾಚದ ಕಾದಂಬರಿಕಾರ ವಿಕ್ರಮ್ ಸೇಠ್ 2006ರ ಸೆಪ್ಟೆಂಬರಿನಲ್ಲಿ 377ನೆಯ ಕಲಮಿನ ವಿರುದ್ಧ ಬಹಿರಂಗ ಪತ್ರವೊಂದಕ್ಕೆ ಮುಂದಾಳಾಗಿ ಅನೇಕ ಗಣ್ಯರ ಸಹಿ ಪಡೆದ. ಅಮರ್ತ್ಯ ಸೇನ್ ಅದಕ್ಕೆ ಬೆಂಬಲದ ಹೇಳಿಕೆ ಕೊಟ್ಟರು. ಅವನಿಗೆ ಬರುತ್ತಿದ್ದುದು ಬರವಣಿಗೆ, ಅವನು ಬರೆದ. ಈ ಇಬ್ಬರಲ್ಲಿ ಯಾರೂ ತಮ್ಮ ವರ್ಗಕ್ಕೆ ಬೇರೊಂದು ಪೀಠ ಕೊಡಿರೆಂದು ಕೇಳಿ ಆಮೇಲೆ ಕೆಲಸಕ್ಕೆ ಇಳಿಯಲಿಲ್ಲವೆಂಬುದು ಗಮನಿಸತಕ್ಕ ಅಂಶ.

ಆದರೆ ನ್ಯೂಯಾರ್ಕಿನ ಮಾದರಿ ಶೇಡಬಾಳಕ್ಕೆ ನೇರವಾಗಿ ಒಗ್ಗದು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮೂರಿನಿಂದ ಗಾಡಿ ಹತ್ತಿದರೆ ಮಿರಜು, ಅದರ ಬಗಲಿಗೆ ಸಾಂಗಲಿ. ಅಲ್ಲಿ 1992ರಲ್ಲಿ ‘ಸಂಗ್ರಾಮ’ ಸಂಸ್ಥೆ, 1996ರಲ್ಲಿ ಲೈಂಗಿಕ ಕಾರ್ಯಕರ್ತೆಯರದೇ ಆದ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’ ಹುಟ್ಟಿದವು. ಪರಿಷತ್ತಿನ ಸದಸ್ಯೆಯರಲ್ಲಿ ಉತ್ತರ ಕರ್ನಾಟಕದಿಂದ ಹೋದ ಕನ್ನಡ ಮಾತಿನ ಹೆಂಗಸರು ಅನೇಕರು. ನಿಪ್ಪಾಣಿಯಲ್ಲಿಯೂ ಅವರ ಕೆಲಸ ನಡೆದಿದೆ. ಗಂಡಸರಿಗೂ ಲಿಂಗಾಂತರಿಗಳಿಗೂ ‘ಮುಸ್ಕಾನ್’ ಎಂಬ ಕೂಟ ಅದರ ಜೊತೆಯಲ್ಲಿಯೇ ಬೆಳೆಯಿತು. ನಮ್ಮನ್ನು ಉದ್ಧಾರಮಾಡಲು ಬರುವವರಿಂದ ನಮ್ಮನ್ನು ಉಳಿಸಿ ಎಂಬುದು ಅವರ ಪ್ರಸಿದ್ಧ ಘೋಷಣೆಯ ತಾತ್ಪರ್ಯ. ಅಲ್ಲಿ ಕೆಲಸ ಆರಂಭವಾದದ್ದು ಸಿದ್ಧಾಂತದಿಂದಲ್ಲ; ಯಾರ ಜೊತೆ ಆಸ್ಪತ್ರೆಗೆ ಯಾರು ಹೋಗಬೇಕು, ಬಂಧನವಾದಾಗ ಠಾಣೆಗೆ ಯಾರು ಓಡಬೇಕು ಎಂಬುದರಿಂದ. ಪಾತ್ರವೆಂಬುದು ಹೆಸರಿನಿಂದ ಹಂಚಿಕೆಯಾಗದೆ ಕೆಲಸದಿಂದ ಹಂಚಿಕೆಯಾದ ಮಾದರಿ ನಮ್ಮ ಬಾಗಿಲಲ್ಲಿಯೇ ಇದೆ.

ಇಲ್ಲಿ ಒಂದು ತೊಡಕು ತಲೆಯೆತ್ತುತ್ತದೆ. ಇಡೀ ಪ್ರಶ್ನೆಯ ಗಂಟು ಇದೇ ಎಂದು ನನಗೆ ತೋರುತ್ತದೆ. ಬೀದಿ ಗುರುತಿಸದ ಉಭಯಾನುರಾಗಿಗೆ ಚಳವಳಿಯಲ್ಲಿ ಸುಲಭವಾಗಿ ಸಿಗುವ ವೇಷ ಒಂದಿದೆ: ಹಿತೈಷಿಯ ವೇಷ. ವಕೀಲನಾಗಿ, ಅಧ್ಯಾಪಕನಾಗಿ, ಪತ್ರಕರ್ತೆಯಾಗಿ, ‘ಹೊರಗಿನವರಾದರೂ ಎಷ್ಟು ದೊಡ್ಡ ಮನಸ್ಸು’ ಎಂಬ ಪ್ರಶಂಸೆಯೊಡನೆ ಕೆಲಸಮಾಡಬಹುದು. ಕೆಲಸವೇನೋ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಆದರೆ ದಾಖಲೆ ಕೆಡುತ್ತದೆ. ಉಭಯಾನುರಾಗಿಗಳು ಏನು ಮಾಡಿದರೆಂದು ಮುಂದೊಂದು ದಿನ ಕೇಳಿದರೆ, ಮಾಡಿದವರೆಲ್ಲ ಹಿತೈಷಿಗಳ ಪಟ್ಟಿಯಲ್ಲಿ ಸಿಕ್ಕುತ್ತಾರೆ. ಚಳವಳಿ ಇವರಿಗೆ ಕೆಲಸ ಕೊಡಲಿಲ್ಲವೆಂಬ ದೂರಿನಲ್ಲಿ ಒಂದು ಪಾಲು ಇವರದೇ ಸೃಷ್ಟಿಯಿರಬಹುದು. ಹಾಗೆಂದು ಎಲ್ಲರೂ ವೇದಿಕೆಯೇರಿ ಸಾರಬೇಕೆಂದು ಒತ್ತಾಯಿಸುವ ಅಧಿಕಾರ ಯಾರಿಗೂ ಇಲ್ಲ. ಅಥಣಿ ತಾಲೂಕಿನ ಹಳ್ಳಿಯೊಂದರಲ್ಲಿ ಅತ್ತೆಮಾವಂದಿರ ಮನೆಯಲ್ಲಿರುವ ಹೆಣ್ಣುಮಗಳಿಗೆ ‘ಪ್ರಕಟಿಸಿಕೊ’ ಎನ್ನುವುದು ಕ್ರೌರ್ಯ. ಮೌನ ಅವಳ ಹಕ್ಕು. ನಾನು ಮಾಡುವ ಭೇದ ಇಷ್ಟು: ಹೇಳದಿರುವುದು ಬೇರೆ, ‘ನಾನು ಅವರಲ್ಲೊಬ್ಬನಲ್ಲ’ ಎಂದು ಹೇಳಿ ಹಾರ ಹಾಕಿಸಿಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ದಾಖಲೆಯಲ್ಲಿ ಒಂದು ಜಾಗ ಖಾಲಿ ಉಳಿಯುತ್ತದೆ. ಖಾಲಿ ಜಾಗವನ್ನು ಮುಂದಿನವರು ತುಂಬಬಹುದು. ಎರಡನೆಯದರಲ್ಲಿ ಕೂಟಶಾಸನ ಹುಟ್ಟುತ್ತದೆ. ಕೂಟಶಾಸನವನ್ನು ತಿದ್ದುವುದು ಎಷ್ಟು ಕಷ್ಟವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

ಸಾರ್ವಜನಿಕ ಮೌನಕ್ಕೆ ಇರುವ ಈ ಕ್ಷಮೆ ಮದುವೆಯ ಮಾತುಕತೆಗೆ ಇಲ್ಲ. ತನ್ನ ಒಲವಿನ ಸ್ವರೂಪವನ್ನು ತಾಳಿ ಕಟ್ಟುವ ಮೊದಲು ಆ ಹೆಣ್ಣಿಗೆ ಹೇಳದಿರುವುದು, ಅಥವಾ ಆ ಗಂಡಿಗೆ ಹೇಳದಿರುವುದು, ಮೂರನೆಯವರಿಗೆ ಮಾಡುವ ಅನ್ಯಾಯ. ಇದನ್ನು ಬರೆದರೆ ‘ಉಭಯಾನುರಾಗಿಗಳ ಮೇಲೇ ಏಕೆ ಈ ಭಾರ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇಬ್ಬರಲ್ಲಿ ಒಲವುಂಟೆಂದರೆ ಇಬ್ಬರೊಡನೆ ಬಾಳುತ್ತಾನೆಂದಲ್ಲ. ಹಳೆಯ ಭಟ್ಟಿಯ ಉಪಮಾನವನ್ನು ನಂಬಿದವರು ಮಾತ್ರ ಹಾಗೆ ತಿಳಿಯುತ್ತಾರೆ. ಆದರೂ ಹೇಳಬೇಕೆನ್ನುತ್ತೇನೆ. ಏಕೆಂದರೆ ಮನೆಯನ್ನು ಚಳವಳಿಯ ವಿಷಯವನ್ನಾಗಿ ಮಾಡಬಲ್ಲವರು ಇವರೇ. ಬೀದಿಯ ಹಿಂಸೆಯನ್ನು ಹಿಜ್ರಾ ಮತ್ತು ಕೋತಿ ಸಮುದಾಯದವರು ಮಾತಾಗಿಸಿದರು. ಸಂಗಮ ಸಂಸ್ಥೆ ನ್ಯಾಯಾಲಯಕ್ಕೆ ಹೋಗಿ, 2021ರಲ್ಲಿ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಲಿಂಗಾಂತರಿಗಳಿಗೆ ಪ್ರತಿಶತ 1ರ ಮೀಸಲಾತಿ ಬರುವಂತಾಯಿತು. ಕನ್ಯಾಪರೀಕ್ಷೆಯ ಚಾಪೆಯ ಮೇಲೆ, ನಿಶ್ಚಯದ ಅಡಿಕೆಯ ಮುಂದೆ, ಬಾಣಂತನಕ್ಕೆ ತವರಿಗೆ ಬಂದ ಹೆಣ್ಣಿನ ಕೋಣೆಯಲ್ಲಿ ನಡೆಯುವ ಒತ್ತಾಯಗಳ ಬಗ್ಗೆ ಯಾರು ಬರೆದಿಡಬೇಕು? ಅಲ್ಲಿ ಕುಳಿತವರು ತಾನೆ. ಅವರ ಜೊತೆ ಆ ಮನೆಗೆ ಬಂದ ಹೆಂಡಿರ, ಗಂಡಂದಿರ ಸಾಕ್ಷ್ಯವನ್ನೂ ಕೇಳಿ ಬರೆದಿಡಬೇಕು, ಅದು ತಮಗೆ ಹಿತವಾಗಿರದಿದ್ದರೂ.

ಇದಕ್ಕೆ ಬೇಕಾದ ಸಾಮಗ್ರಿ ದೊಡ್ಡದಲ್ಲ. ತೀರ್ಪುಗಳ ಮುಖ್ಯ ಭಾಗಗಳು ತಾಲೂಕಿನ ವಕೀಲರಿಗೂ ಶಾಲಾ ಶಿಕ್ಷಕರಿಗೂ ಅರ್ಥವಾಗುವ ಕನ್ನಡದಲ್ಲಿ ಬೇಕು. ‘ಕಾಮಿ’ ಎಂಬ ಬಾಲವಿಲ್ಲದ ಒಂದು ಪದಕೋಶ ಬೇಕು. ರಾತ್ರಿ ಹತ್ತರ ನಂತರ ದೂರವಾಣಿ ಎತ್ತಿ, ಉತ್ತರ ಕರ್ನಾಟಕದ ಮಾತಿನಲ್ಲಿಯೇ ಮಾತನಾಡುವ ಒಬ್ಬರು ಬೇಕು. ಈ ಕೆಲಸಗಳಲ್ಲಿ ಯಾವುದಕ್ಕೂ ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಆ ತರುಣನಿಗೆ ಇಷ್ಟನ್ನೂ ಪತ್ರದಲ್ಲಿ ಬರೆದೆ. ನಿಲ್ದಾಣದಲ್ಲಿ ಕೊಡದ ಉತ್ತರ ಒಂದು ವರ್ಷ ತಡವಾಗಿ ಹೋಯಿತು. ಅವನ ಮಾರೋಲೆ ಕಳೆದ ತಿಂಗಳು ಬಂದಿದೆ. ಮೊದಲು ಅಕ್ಕನಿಗೆ ಹೇಳಿದನಂತೆ. ಅಕ್ಕ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಅಪ್ಪನಿಗೆ ‘ಈ ವರ್ಷ ಕನ್ಯೆ ನೋಡೂದ ಬ್ಯಾಡ’ ಎಂದಷ್ಟೇ ಹೇಳಿದಳಂತೆ. ಪತ್ರದ ಜೊತೆ 2018ರ ತೀರ್ಪಿನ ಎರಡು ಪುಟಗಳನ್ನು ಕನ್ನಡಿಸಿ ಇಟ್ಟಿದ್ದಾನೆ. ‘ಓರಿಯೆಂಟೇಶನ್’ ಎಂಬ ಶಬ್ದ ಬಂದಲ್ಲಿ ಮೂರು ಕನ್ನಡ ಪದಗಳನ್ನು ಒಂದರ ಕೆಳಗೊಂದು ಬರೆದು, ಮೂರನ್ನೂ ಹೊಡೆದುಹಾಕಿ, ಬದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾನೆ.